ಗಾಡಿಯನ್ನು ಘೋಡಿ ಹತ್ತಿಸಿದ್ದು

ತಿಳಿಯದ ವಿಷಯಕ್ಕೆ ತಲೆ ಅಲ್ಲಾಡಿಸುವುದೂ ಒಂದು ವಿದ್ಯೆ. ಮುಂಬಯಿಗೆ ಬಂದ ಮೊದಲ ವರ್ಷವೇ ಅದು ನನಗೆ ಕೈವಶವಾಯಿತು. ವಿಜಯಪುರದಿಂದ ಬಂದು ಇಳಿದಾಗ ನನಗೆ ಹಿಂದಿ ಅರ್ಧ ಬರುತ್ತಿತ್ತು, ಮರಾಠಿ ಕಾಲು. ಲೋಕಲ್‌ನಲ್ಲಿ ಯಾರು ಏನು ಕೇಳಿದರೂ ತಲೆ ಅಲ್ಲಾಡಿಸಿಬಿಡುತ್ತಿದ್ದೆ. ಒಮ್ಮೆ ಹಾಗೆ ಮಾಡಿ ಕಿಟಕಿ ಪಕ್ಕದ ಸೀಟು ಕಳೆದುಕೊಂಡೆ. ಇನ್ನೊಮ್ಮೆ ಯಾರದೋ ಮಗು ನನ್ನ ತೊಡೆಯ ಮೇಲೆ ಬಂದು ಕುಳಿತುಕೊಂಡಿತು, ಬೊರಿವಲಿ ಬರುವವರೆಗೂ ಅದು ನನ್ನದೇ ಆಗಿತ್ತು. ಆಮೇಲೆ ಭಾಷೆಗಳು ಬಂದವು, ತಲೆಯ ಅಭ್ಯಾಸ ಮಾತ್ರ ಹೋಗಲಿಲ್ಲ. ಡಾಕ್ಟರ ಮುಂದೆ ಅಲ್ಲಾಡುತ್ತದೆ, ಮಗಳ ಶಾಲೆಯ ಗಣಿತದ ಮೇಡಂ ಮುಂದೆ ಅಲ್ಲಾಡುತ್ತದೆ. ಎಲ್ಲಕ್ಕಿಂತ ಹೆಚ್ಚು ಅಲ್ಲಾಡುವುದು ಗ್ಯಾರೇಜಿನಲ್ಲಿ. ಅಲ್ಲಿಯವನು ಕೈ ಒರೆಸಿಕೊಳ್ಳುತ್ತ ಬಂದು “ಸಾಬ್, ಬುಶ್ ಗಯಾ ಹೈ” ಎಂದರೆ, ದೂರದ ಸಂಬಂಧಿಕರೊಬ್ಬರು ತೀರಿಕೊಂಡ ಸುದ್ದಿ ಕೇಳಿದವನಂತೆ ಮುಖ ಸಣ್ಣದು ಮಾಡಿ ನಿಧಾನವಾಗಿ ತಲೆ ಆಡಿಸುತ್ತೇನೆ. ಈ ಬುಶ್ ಯಾರು, ಎಲ್ಲಿದ್ದ, ಯಾಕೆ ಹೋದ ಎಂದು ಕೇಳುವ ಧೈರ್ಯ ಇದುವರೆಗೆ ಬಂದಿಲ್ಲ.

ನಮ್ಮ ಗಾಡಿಗೆ ಒಂಬತ್ತು ವರ್ಷ. ಬೂದಿ ಬಣ್ಣದ ಸಣ್ಣ ಕಾರು. ವಾರದ ದಿನಗಳಲ್ಲಿ ನಾನು ಲೋಕಲ್ ಹಿಡಿದು ಬಾಂದ್ರಾದ ಆಫೀಸಿಗೆ ಹೋಗುವವನಾದ್ದರಿಂದ ಅದು ಬೊರಿವಲಿಯ ನಮ್ಮ ಬಿಲ್ಡಿಂಗಿನ ಕಂಪೌಂಡಿನಲ್ಲಿ ಪಾರಿವಾಳಗಳ ಸೇವೆ ಮಾಡುತ್ತ ನಿಂತಿರುತ್ತದೆ. ಭಾನುವಾರ ಮಾತ್ರ ಅದರ ಮೇಲೆ ನಮ್ಮ ಹಕ್ಕು. ಹೋದ ಮಳೆಗಾಲ ಮುಗಿದ ಮೇಲೆ, ಒಂದು ಭಾನುವಾರ ಅದರ ಹಿಂಭಾಗದಿಂದ ಖಡ್ ಖಡ್ ಎಂಬ ಸದ್ದು ಶುರುವಾಯಿತು. ರಸ್ತೆಯಲ್ಲಿ ತಗ್ಗು ಬಂದರೆ ಖಡ್, ತಗ್ಗು ದಾಟಿದರೆ ಮತ್ತೊಂದು ಖಡ್. ನಮ್ಮ ಕಡೆಯ ರಸ್ತೆಯಲ್ಲಿ ತಗ್ಗು ಇಲ್ಲದ ಜಾಗ ಕಡಿಮೆ, ಹೀಗಾಗಿ ಸದ್ದಿಲ್ಲದ ಹೊತ್ತೂ ಕಡಿಮೆಯಾಯಿತು.

“ರೀ, ಹಿಂದ ಏನೋ ಕಳಚೇದ ನೋಡ್ರಿ. ಗ್ಯಾರೇಜಿಗೆ ಒಯ್ಯೂದು ಪಾಡ,” ಎಂದಳು ನನ್ನ ಹೆಂಡತಿ ಗಿರಿಜಾ.

“ಅದು ಸೈಲೆನ್ಸರ್ ಕ್ಲಾಂಪು. ನಾನ ನೋಡ್ತೀನಿ,” ಎಂದೆ. ಕ್ಲಾಂಪು ಎಂಬ ಶಬ್ದವನ್ನು ನಾನು ಯಾರಿಂದಲೋ ಕೇಳಿದ್ದೆ. ಆಡಿ ನೋಡಿದಾಗ ಬಾಯಿಗೆ ಚೆನ್ನಾಗಿ ಹೊಂದಿತು. ಗಿರಿಜಾ ನನ್ನ ಕಡೆ ಒಮ್ಮೆ ನೋಡಿದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು ಹಾಗೆ ನೋಡಿದಾಗ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಜಾಣತನ. ನಾನು ತೆಗೆದುಕೊಳ್ಳಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಚಹಾ ಕುಡಿದು, ಟಯರಿನ ಗಾಳಿ ನೋಡಿ ಬರುತ್ತೇನೆ ಎಂದು ಹೇಳಿ ಕೆಳಗಿಳಿದೆ. ಬಗಲಲ್ಲಿ ಗಿರಿಜಾಳ ಯೋಗದ ಚಾಪೆ ಇತ್ತು. ಗಾಡಿಯ ಕೆಳಗೆ ಮಲಗಬೇಕಾದರೆ ಬೆನ್ನಿಗೆ ಏನಾದರೂ ಬೇಕಲ್ಲ. ಡಿಕ್ಕಿ ತೆಗೆದು, ಕಂಪನಿಯವರು ಗಾಡಿಯ ಜೊತೆಗೇ ಕೊಟ್ಟಿದ್ದ ಜ್ಯಾಕನ್ನು ಹೊರತೆಗೆದೆ. ಕತ್ತರಿಯ ಹಾಗೆ ಬಿಚ್ಚಿಕೊಳ್ಳುವ, ಹಿಡಿಕೆ ತಿರುಗಿಸಿದರೆ ಮೇಲೇಳುವ ಸಾಧನ. ಅದನ್ನು ಹಿಂದಿನ ಎಡ ಚಕ್ರದ ಪಕ್ಕ, ಕಣ್ಣಿಗೆ ಗಟ್ಟಿ ಎಂದು ಕಂಡ ಜಾಗಕ್ಕೆ ಇಟ್ಟು ತಿರುಗಿಸತೊಡಗಿದೆ. ಗಾಡಿ ಸಣ್ಣಗೆ ಮುಲುಗಿ ಮೇಲೆದ್ದಿತು. ಇಡೀ ಗಾಡಿಯ ಹಿಂಭಾಗವನ್ನು ಒಂದು ಕೈಯಿಂದ ಎತ್ತಿದ ಮೇಲೆ ಮನುಷ್ಯನ ತಲೆ ಅದರ ಜಾಗದಲ್ಲಿ ಉಳಿಯುವುದು ಕಷ್ಟ. ನಾನು ಸುತ್ತಲೂ ನೋಡಿದೆ. ಮೂರನೆಯ ಮಹಡಿಯ ಗ್ಯಾಲರಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಸಾವಂತರು ಬ್ರಷ್ ಎತ್ತಿ ಶಹಬ್ಬಾಸ್ ಎಂಬಂತೆ ಸನ್ನೆ ಮಾಡಿದರು.

ಸುರಕ್ಷತೆಯ ಬಗ್ಗೆ ನನಗೆ ಲಕ್ಷ್ಯವಿರಲಿಲ್ಲ ಎಂದು ಯಾರೂ ತಿಳಿಯಬಾರದು. ಆಫೀಸಿನಲ್ಲಿ ನಮ್ಮ ಮಹಡಿಗೆ ಬೆಂಕಿಯ ಕವಾಯತಿನ ಮುಖ್ಯಸ್ಥ ನಾನೇ. ಆರು ತಿಂಗಳಿಗೊಮ್ಮೆ ಕೆಂಪು ಟೋಪಿ ಹಾಕಿಕೊಂಡು ನಲವತ್ತು ಜನರನ್ನು ಮೆಟ್ಟಿಲಿಳಿಸುತ್ತೇನೆ. ಜ್ಯಾಕಿನ ಜೊತೆಗೆ ಇನ್ನೊಂದು ಆಧಾರ ಇರಬೇಕು ಎಂಬ ಮಾತು ನನ್ನ ನೆನಪಿನಲ್ಲಿತ್ತು. ಹಾಗಾಗಿ ಬಿಲ್ಡಿಂಗಿನ ರಿಪೇರಿಗೆ ತಂದು ಉಳಿದಿದ್ದ ಇಟ್ಟಿಗೆಗಳಲ್ಲಿ ನಾಲ್ಕನ್ನು ತಂದು ಒಂದರ ಮೇಲೊಂದು ಪೇರಿಸಿದೆ. ನಾಲ್ಕು ಮಹಡಿಯ ಬಿಲ್ಡಿಂಗೇ ಇಟ್ಟಿಗೆಯ ಮೇಲೆ ನಿಂತಿದೆ, ಒಂದು ಕಾರು ನಿಲ್ಲುವುದಿಲ್ಲವೇ ಎಂಬುದು ನನ್ನ ತರ್ಕ. ನನ್ನ ಲೆಕ್ಕಕ್ಕೆ ಬಾರದೆ ಉಳಿದವು ಎರಡೇ ಸಂಗತಿಗಳು. ಮಳೆನೀರು ಹರಿದುಹೋಗಲೆಂದು ನಮ್ಮ ಕಂಪೌಂಡನ್ನು ಗಟಾರದ ಕಡೆಗೆ ತುಸು ಇಳಿಜಾರು ಮಾಡಿದ್ದಾರೆ, ಇದೊಂದು. ಇನ್ನೊಂದು ನಮ್ಮ ಪಾರ್ಕಿಂಗಿನ ಪದ್ಧತಿ. ಜಾಗ ಸಾಲದೆ ಗಾಡಿಗಳನ್ನು ಎರಡು ಸಾಲಾಗಿ ನಿಲ್ಲಿಸುವುದರಿಂದ, ಮುಂದಿನ ಸಾಲಿನವರು ಗೇರು ಹಾಕದೆ, ಹ್ಯಾಂಡ್‌ಬ್ರೇಕ್ ಎಳೆಯದೆ ಬಿಟ್ಟುಹೋಗಬೇಕು. ಹಿಂದಿನವರು ಹೊರಡುವಾಗ ವಾಚ್‌ಮನ್ ತಳ್ಳಿ ಸರಿಸುತ್ತಾನೆ. ಅಂದರೆ ಮುಂದಿನ ಸಾಲಿನಲ್ಲಿದ್ದ ನನ್ನ ಗಾಡಿ ಅಂದು ಇಳಿಜಾರಿನಲ್ಲಿ, ತಳ್ಳಿದವರ ಜೊತೆ ಹೋಗಲು ಸಿದ್ಧವಾಗಿ ನಿಂತಿತ್ತು. ನಾನು ಚಾಪೆ ಹಾಸಿ ಅದರ ಕೆಳಗೆ ತೆವಳಿದೆ.

ಗಾಡಿಯ ಹೊಟ್ಟೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಣಗಿದ ಕೆಸರು, ತುಕ್ಕು, ಉದ್ದಕ್ಕೆ ಹಾದುಹೋದ ಕೊಳವೆಗಳು. ಇವುಗಳಲ್ಲಿ ಯಾವುದು ಕ್ಲಾಂಪು ಎಂದು ಯೋಚಿಸುತ್ತಿದ್ದಾಗ ಯಾರೋ ನನ್ನ ಎರಡೂ ಕಾಲುಗಳನ್ನು ಹಿಡಿದರು. ಮಾತಿಲ್ಲ, ಕತೆಯಿಲ್ಲ. ಟೆಂಪೋದಿಂದ ಜೋಳದ ಚೀಲ ಎಳೆಯುವ ಹಾಗೆ ಒಂದೇ ಸಲಕ್ಕೆ ಹೊರಗೆಳೆದರು. ನನ್ನ ಅಂಗಿ ಕುತ್ತಿಗೆಯವರೆಗೆ ಸರಿಯಿತು, ಹೊಟ್ಟೆ ಬೊರಿವಲಿಯ ಬೆಳಗಿನ ಬಿಸಿಲು ಕಂಡಿತು. ಕಣ್ಣು ಬಿಟ್ಟರೆ ಎದುರಿಗೆ ಪಾಟೀಲ ಮಾಮಾ.

ಪಾಟೀಲ ಮಾಮಾ ನೆಲಮಹಡಿಯವರು, ಬೆಳಗಾವಿ ಕಡೆಯವರು. ಮೂವತ್ತು ಮೂವತ್ತೈದು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಎಪ್ಪತ್ತು ದಾಟಿದೆ. ಮಾತು ಬಹಳ ಕಡಿಮೆ. ಬಿಲ್ಡಿಂಗಿನ ಮೀಟಿಂಗಿನಲ್ಲಿ ವರ್ಷಕ್ಕೊಮ್ಮೆ ಕೆಮ್ಮುತ್ತಾರೆ, ಅದನ್ನೇ ಅನುಮೋದನೆ ಎಂದು ಬರೆದುಕೊಳ್ಳುತ್ತಾರೆ. ಕೈಯಲ್ಲಿದ್ದ ಹಾಲಿನ ಚೀಲವನ್ನು ಅವರು ಪಕ್ಕಕ್ಕಿಟ್ಟರು. ನಾನು ಅಂಗಿ ಎಳೆದುಕೊಳ್ಳುತ್ತ ಎದ್ದು ಏನೋ ಬಿರುಸಾಗಿ ಹೇಳಬೇಕೆಂದು ಬಾಯಿ ತೆರೆದೆ. ಮಾಮಾ ನನ್ನ ಕಡೆ ನೋಡದೆ ಗಾಡಿಯ ಹಿಂಭಾಗಕ್ಕೆ ಅಂಗೈ ಇಟ್ಟು, ಆಡಲು ಹೋಗು ಎಂದು ಮೊಮ್ಮಗನ ಬೆನ್ನು ತಳ್ಳುವ ಹಾಗೆ ಮೆಲ್ಲಗೆ ತಳ್ಳಿದರು.

ಜ್ಯಾಕು ಓರೆಯಾಯಿತು. ಗಾಡಿ ಒಂದಡಿ ಮುಂದೆ ಸರಿದು ಧಡ್ ಎಂದು ಕುಳಿತಿತು. ನನ್ನ ನಾಲ್ಕು ಇಟ್ಟಿಗೆಗಳಲ್ಲಿ ಮೇಲಿನೆರಡು ಸಂಕ್ರಾಂತಿಯ ಸಜ್ಜಿ ರೊಟ್ಟಿಯ ಹಾಗೆ ಪುಡಿಯಾದವು. ಪಾರಿವಾಳಗಳು ಹಾರಿಹೋದವು. ಯೋಗದ ಚಾಪೆಯ ಮೇಲೆ, ಅರೆಗಳಿಗೆಯ ಹಿಂದೆ ನನ್ನ ಎದೆಯಿದ್ದ ಜಾಗದಲ್ಲಿ, ಗಾಡಿಯ ಕೆಳಭಾಗದ ಯಾವುದೋ ಕಬ್ಬಿಣ ಊರಿಕೊಂಡಿತ್ತು. ಅದೇ ಕ್ಲಾಂಪು ಇರಬಹುದು, ಆಗ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

“ಎರಡ ನಿಮಿಷದ ಕೆಲಸ ಇತ್ತು ಮಾಮಾ,” ಎಂದೆ.

ಮಾಮಾ ಹಾಲಿನ ಚೀಲ ಎತ್ತಿಕೊಂಡರು. “ನಮ್ಮ ಡಿಪೋದಾಗ ಒಬ್ಬಾಂವ ಇದ್ದ. ಭಾಳ ಹುಷಾರ್ ಮನಷ್ಯಾ. ಅವನೂ ಎರಡ ನಿಮಿಷದ ಕೆಲಸ ಅಂದಿದ್ದ,” ಎಂದರು. ಅಷ್ಟು ಹೇಳಿ ಮನೆಯ ಕಡೆ ನಡೆದರು. ನಾನು ಅಲ್ಲೇ ನೆಲದ ಮೇಲೆ ಕುಳಿತೆ.

ಧಡ್ ಎಂದ ಸದ್ದಿಗೆ ಗಿರಿಜಾ ಕೆಳಗಿಳಿದು ಬಂದಳು. ಗಾಡಿ ನೋಡಿದಳು, ಇಟ್ಟಿಗೆ ನೋಡಿದಳು, ತನ್ನ ಚಾಪೆ ನೋಡಿದಳು. ಚಾಪೆಯ ಬಗ್ಗೆ ಒಂದು ಮಾತಾದರೂ ಆಡುತ್ತಾಳೆಂದು ಕಾದೆ. ಆಡಲಿಲ್ಲ. ಅವಳು ಬೈಯದಿದ್ದಾಗಲೇ ನನಗೆ ನಿಜವಾದ ಹೆದರಿಕೆ ಹುಟ್ಟಿತು. ಊಟಕ್ಕೆ ಕುಳಿತಾಗ ಚಪಾತಿಯ ಮೇಲೆ ಚಪಾತಿ ಹಾಕುತ್ತ ಹೋದಳು. ನಾಲ್ಕನೆಯದು ಹಾಕಿ ಕೇಳಿದಳು: “ಗ್ಯಾರೇಜಿಗೆ ಯಾಕ ಒಯ್ಯಲಿಲ್ಲ? ಖರೇ ಹೇಳ್ರಿ.”

ನಾನು ಖರೇ ಹೇಳಿದೆ. ಗ್ಯಾರೇಜಿನವನು ಹೇಳಿದ್ದು ಒಂದೂ ತಿಳಿಯುವುದಿಲ್ಲ, ತಿಳಿದವನ ಹಾಗೆ ತಲೆ ಅಲ್ಲಾಡಿಸಿ ಬರುತ್ತೇನೆ, ಒಂಬತ್ತು ವರ್ಷದಿಂದ ಹಾಗೇ ನಡೆದಿದೆ, ಒಮ್ಮೆಯಾದರೂ ನಾನೇ ನೋಡಿ ನಾನೇ ಹೇಳಬೇಕೆನಿಸಿತು ಎಂದೆ. ಗಿರಿಜಾ, “ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅನ್ನೂದು. ಅದಕ್ಕ ಗಾಡಿ ಕೆಳಗ ಹೋಗಿ ಮಲಗೂದು ಏನದ?” ಎಂದಳು. ನಂತರ ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಉಸಿರಿಗೆ ನಗುತ್ತ ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಸಾವಂತರು ಗ್ಯಾಲರಿಯಿಂದ ಎಲ್ಲವನ್ನೂ ಫೋನಿನಲ್ಲಿ ಹಿಡಿದು ಬಿಲ್ಡಿಂಗಿನ ವಾಟ್ಸಪ್ ಗ್ರೂಪಿಗೆ ಹಾಕಿದ್ದರು. ನನ್ನ ಕಾಲುಗಳು ಮೊದಲು, ಆಮೇಲೆ ಹೊಟ್ಟೆ, ಕೊನೆಯಲ್ಲಿ ಮುಖ ಹೊರಬರುವ ಆ ದೃಶ್ಯಕ್ಕೆ ಅಷ್ಟರಲ್ಲಿ ಹನ್ನೊಂದು ಜನ ಕೈಮುಗಿದಿದ್ದರು.

ಸಂಜೆ ನಾನು ಮಾಮಾರ ಮನೆಗೆ ಹೋಗಿ, ಇದನ್ನು ಸರಿಯಾಗಿ ಹೇಗೆ ಮಾಡಬೇಕು ಕಲಿಸಿರಿ ಎಂದು ಕೇಳಿದೆ. ಅವರು ಮಂಚದ ಕೆಳಗೆ ಬಾಗಿ, ಬೇರೆಯವರು ಸೂಟ್‌ಕೇಸ್ ಇಡುವ ಜಾಗದಿಂದ ಚಕ್ರವಿದ್ದ ಒಂದು ದಪ್ಪ ಜ್ಯಾಕನ್ನು ಎಳೆದು ತೋರಿಸಿದರು. “ಎತ್ತೂದಕ್ಕ ಇದು ಐತಿ. ಹೊರೂದಕ್ಕ ಘೋಡಿ ಬೇಕು. ಎರಡ ಘೋಡಿ ತೊಗೊಂಡ ಬಾ.” ಗಾಡಿಯನ್ನು ಎತ್ತಿದ ಮೇಲೆ ಅದರ ಭಾರ ಹೊರಲು ಕೆಳಗಿಡುವ ಮೂರ್ನಾಲ್ಕು ಕಾಲಿನ ಕಬ್ಬಿಣದ ಸ್ಟ್ಯಾಂಡಿಗೆ ಅವರ ಡಿಪೋದಲ್ಲಿ ಘೋಡಿ, ಅಂದರೆ ಮದುಮಗ ಏರುವಂಥ ಹೆಣ್ಣುಕುದುರೆ, ಎನ್ನುತ್ತಿದ್ದರಂತೆ. ಮನೆಗೆ ತಂದು ಕೊಡುವವರು ಯಾರಾದರೂ ಇದ್ದಾರೆಯೇ ಎಂದೆ. ಮಾಮಾ ನನ್ನನ್ನು ನೋಡಿ, “ನಿನ್ನ ಜೀವಾ ಹೊರೂ ಸಾಮಾನು ತಮ್ಮಾ. ಒಮ್ಮೆ ನೀನ ಹೊತ್ತು ನೋಡು,” ಎಂದರು.

ಹೀಗಾಗಿ ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಬಾಂದ್ರಾದಿಂದ ಬೈಕುಲ್ಲಾಕ್ಕೆ ಹೋದೆ. ಅಲ್ಲಿ ಸಣ್ಣ ಸಣ್ಣ ವರ್ಕ್‌ಶಾಪುಗಳ ನಡುವೆ ಗಾಡಿಯ ಸಾಮಾನಿನ ಅಂಗಡಿಯೊಂದನ್ನು ಮಾಮಾ ಹೇಳಿಕೊಟ್ಟಿದ್ದರು. ಅಂಗಡಿಯ ಮುದುಕಪ್ಪ “ಕಿತನೇ ಟನ್ ಕಾ?” ಎಂದು ಕೇಳಿದ. ತಲೆ ತಾನಾಗಿಯೇ ಅಲ್ಲಾಡಲು ಹೊರಟಿತು. ಅದನ್ನು ಹಿಡಿದು ನಿಲ್ಲಿಸಿ, “ನನಗೆ ಗೊತ್ತಿಲ್ಲ, ಗಾಡಿ ಇಂಥದ್ದು, ನೀವೇ ಹೇಳಿ” ಎಂದು ಹಿಂದಿಯಲ್ಲಿ ಹೇಳಿದೆ. ಆಕಾಶ ಕಳಚಿ ಬೀಳಲಿಲ್ಲ. ಮುದುಕಪ್ಪ ಸಂತೋಷದಿಂದ ಎರಡು ಸ್ಟೂಲು ಹಾಕಿಸಿ, ಭಾರ ಎಷ್ಟು ತಡೆಯುತ್ತದೆಂದು ಕೆತ್ತಿದ್ದನ್ನು ಎಲ್ಲಿ ನೋಡಬೇಕು, ಘೋಡಿಯನ್ನು ಎತ್ತರಕ್ಕೆ ನಿಲ್ಲಿಸುವ ಹಲ್ಲು ಕಚ್ಚಿದೆಯೋ ಇಲ್ಲವೋ ಹೇಗೆ ತಿಳಿಯಬೇಕು ಎಂದು ಕಾಲು ತಾಸು ಪಾಠ ಮಾಡಿದ.

ಎರಡು ಘೋಡಿಗಳನ್ನು ಚೀಲದಲ್ಲಿ ಹಾಕಿಕೊಂಡು ದಾದರಿನಲ್ಲಿ ಲೋಕಲ್ ಬದಲಿಸುವುದು ಏನೆಂದು ಬದಲಿಸಿದವರಿಗೇ ಗೊತ್ತು. ಸೇತುವೆಯ ಮೇಲೆ ಚೀಲ ಯಾರ ಮೊಣಕಾಲಿಗೆ ತಗುಲಿದರೂ ಅವರು ನನ್ನ ಹಿಂದಿನ ಮೂರು ತಲೆಮಾರನ್ನು ನೆನೆದರು. ಬೊರಿವಲಿ ಲೋಕಲ್ಲಿನ ಬಾಗಿಲಲ್ಲಿ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ನಿಂತೆ. ಪಕ್ಕದವನು “ಇಸ್ ಮೇ ಕ್ಯಾ ಹೈ, ಅಂಕಲ್?” ಎಂದ.

“ಘೋಡಿ,” ಎಂದೆ.

“ಕಿತನೀ?”

“ದೋ.”

ಅವನು ಚೀಲವನ್ನೂ ನನ್ನ ನರೆತ ಕೂದಲನ್ನೂ ನೋಡಿ, ಬಹಳ ಗೌರವದಿಂದ ಕೇಳಿದ: “ಘರ್ ಮೇ ಶಾದಿ ಹೈ ಕ್ಯಾ?” ಅಂಧೇರಿಯವರೆಗೆ ನಮ್ಮ ಡಬ್ಬಿಯ ಆ ಭಾಗದಲ್ಲಿ ಯಾರಿಗೂ ಬೇಸರವಾಗಲಿಲ್ಲ.

ಮರುದಿನ ಪಾಠ. ಗಿರಿಜಾ ಕೂಡ ಬಂದಳು. “ನಾ ಬಂದ ಬರಾಕಿ. ಇವರು ಮತ್ತ ಇಟ್ಟಂಗಿ ಒಟ್ಟಿದ್ರ?” ಎಂದು ಮಾಮಾರಿಗೆ ಹೇಳಿ, ಕುರ್ಚಿ ಹಾಕಿಕೊಂಡು ಕುಳಿತಳು. ಮಾಮಾ ಗಾಡಿಯನ್ನು ಹಿಂದುಗಡೆ ನೀರಿನ ಟಾಂಕಿಯ ಪಕ್ಕಕ್ಕೆ ತರಿಸಿದರು. ಆಮೇಲೆ ಕಿಸೆಯಿಂದ ಒಂದು ನಿಂಬೆಹಣ್ಣು ತೆಗೆದು ನೆಲದ ಮೇಲಿಟ್ಟರು.

“ಪೂಜಾನೂ ಮಾಡೂದದ ಏನ್ರಿ ಮಾಮಾ? ಹೇಳಿದ್ರ ಊದಿನಕಡ್ಡಿ ತರ್ತಿದ್ದೆ,” ಎಂದಳು ಗಿರಿಜಾ.

“ಪೂಜಾ ಅಲ್ಲ ತಂಗಿ. ಹಣ್ಣು ಉಳ್ಳಿದ್ರ ನೆಲಾ ಇಳಕಲ ಐತಿ ಅಂತ ಅರ್ಥ. ಅಂಥಾ ಕಡೆ ಗಾಡಿ ಎತ್ತಬಾರ್ದು.” ನಿಂಬೆಹಣ್ಣು ಇಟ್ಟಲ್ಲಿಯೇ ಕುಳಿತಿತು. ನೆಲ ಕಾಂಕ್ರೀಟಿನದು, ಕಾಲಿನಿಂದ ಒದ್ದರೂ ಮಿಸುಕದಂಥದ್ದು.

ನಂತರ ಹ್ಯಾಂಡ್‌ಬ್ರೇಕ್ ಎಳೆಸಿದರು, ಗೇರು ಹಾಕಿಸಿದರು. ಹಳೆಯ ಬಾಗಿಲ ಚೌಕಟ್ಟಿನಿಂದ ತಾವೇ ಕತ್ತರಿಸಿದ್ದ ಮರದ ಬೆಣೆಗಳನ್ನು ಮುಂದಿನ ಚಕ್ರಗಳ ಹಿಂದೆ ಮುಂದೆ ಎರಡೂ ಕಡೆ ಒತ್ತಿಸಿದರು. ಎತ್ತುವುದು ಹಿಂದೆ, ಬೆಣೆ ಯಾಕೆ ಮುಂದೆ ಎಂದು ನಾನು ಯೋಚಿಸುತ್ತಿರುವಾಗಲೇ ಗಿರಿಜಾ, “ನೆಲದ ಮ್ಯಾಲ ಉಳಿಯೂವು ಅವ ಅಲ್ಲಾ, ಅದಕ್ಕ,” ಎಂದಳು. ಮಾಮಾ ಅವಳ ಕಡೆ ತಿರುಗಿ ನಿಂತರು. ಆ ಕ್ಷಣದಿಂದ ಪಾಠ ಅವಳಿಗೆ ನಡೆಯಿತು, ನಾನು ಸಾಮಾನು ಕೊಡುವವನಾದೆ.

ಜ್ಯಾಕನ್ನೂ ಘೋಡಿಯನ್ನೂ ಗಾಡಿಯ ಯಾವ ಜಾಗಕ್ಕೆ ಕೊಡಬೇಕು ಎಂಬುದನ್ನು ಗಾಡಿಯ ಪುಸ್ತಕದಲ್ಲಿ ಚಿತ್ರ ಬರೆದು ತೋರಿಸಿದ್ದರು. ಒಂಬತ್ತು ವರ್ಷ ಪ್ಲಾಸ್ಟಿಕ್ ಹೊದಿಕೆಯಲ್ಲಿಯೇ ಇದ್ದ ಆ ಪುಸ್ತಕವನ್ನು ಗಿರಿಜಾ ಬಿಚ್ಚಿ, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಹುಡುಕಿದಳು. ನಾನು ಹೋದ ವಾರ ಗಟ್ಟಿ ಎಂದು ನಂಬಿದ್ದ ಜಾಗ ಬರೀ ತೆಳು ತಗಡಂತೆ. ಮಾಮಾ ಒಂದು ಬದಿಯನ್ನು ಎತ್ತಿ, ಕೆಳಗೆ ಘೋಡಿ ಇಟ್ಟು, ಹಲ್ಲು ಕಚ್ಚಿದೆಯೇ ಎಂದು ಅಲುಗಿಸಿ ನೋಡಿ, ಜ್ಯಾಕನ್ನು ನಿಧಾನವಾಗಿ ಇಳಿಸಿ ಭಾರವನ್ನು ಘೋಡಿಯ ಮೇಲೆ ಕೂರಿಸಿದರು. ಆಮೇಲೆ ಇನ್ನೊಂದು ಬದಿ. “ಜ್ಯಾಕ್ ಎತ್ತಾಕ, ಘೋಡಿ ಹೊರಾಕ. ಜ್ಯಾಕಿನ ಮ್ಯಾಲ ಇದ್ದ ಗಾಡಿ ಕೆಳಗ ಕೈ ಸೈತ ಹಾಕಬಾರ್ದು,” ಎಂದರು. ನನ್ನ ಪರಿಚಯದ ಅಷ್ಟು ವರ್ಷಗಳಲ್ಲಿ ಅವರು ಆಡಿದ ಅತಿ ಉದ್ದದ ಭಾಷಣ ಅದು. ಕೊನೆಗೆ ಗಿರಿಜಾಳಿಗೆ, “ಈಗ ನೂಕು,” ಎಂದರು. ಅವಳು ಸೆರಗು ಸಿಗಿಸಿ ಗಾಡಿಗೆ ಭುಜ ಕೊಟ್ಟು ನೂಕಿದಳು. “ಜೋರಲೇ ನೂಕು. ಬೀಳೂದಿದ್ರ ಯಾರೂ ಕೆಳಗ ಇಲ್ಲದಾಗ ಬೀಳ್ಲಿ.” ಅವಳು ಹೋದ ವಾರದ ಸಿಟ್ಟನ್ನೆಲ್ಲ ಹಾಕಿ ಇನ್ನೊಮ್ಮೆ ನೂಕಿದಳು. ಗಾಡಿ ಮಿಸುಕಲಿಲ್ಲ.

ಆಗ ಮಾಮಾ ನನ್ನನ್ನು ಕೆಳಗೆ ಬಿಟ್ಟರು. ಅವರು ಹೊರಗಿನಿಂದ ಹೇಳಿದ್ದನ್ನೆಲ್ಲ ನಾನು ಒಳಗಿನಿಂದ ಹಿಡಿದು ಅಲ್ಲಾಡಿಸಿದೆ. ಸೈಲೆನ್ಸರ್ ಗಟ್ಟಿ, ಕೊಳವೆ ಗಟ್ಟಿ, ಕ್ಲಾಂಪು ಎಂಬುದನ್ನೂ ಕಂಡೆ, ಅದೂ ಗಟ್ಟಿ. ಸದ್ದು ಮಾಡುವಂಥದ್ದು ಒಂದೂ ಸಿಗಲಿಲ್ಲ. ಗಾಡಿ ಇಳಿಸಿ, ಮೂವರೂ ಕುಳಿತು ಸ್ಟೇಷನ್ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದೆವು. ತಗ್ಗಿನ ಮೇಲೆ ತಗ್ಗು ಹಾದರೂ ಗಾಡಿ ಮೌನ. ಏನೂ ಮಾಡದೆಯೇ ರಿಪೇರಿ ಆಯಿತಲ್ಲ ಎಂದು ನಾನು ಸ್ವಲ್ಪ ಹೆಮ್ಮೆಪಟ್ಟುಕೊಂಡೆ. ವಾಪಸು ಬಂದು, ಹೋದ ವಾರದಿಂದ ಕಂಪೌಂಡಿನಲ್ಲಿ ಬಿದ್ದಿದ್ದ ಕಂಪನಿಯ ಜ್ಯಾಕನ್ನು ಡಿಕ್ಕಿಯಲ್ಲಿ ಅದರ ಜಾಗದಲ್ಲಿಟ್ಟು, ಗಾಡಿಯನ್ನು ಪಾರ್ಕಿಂಗಿಗೆ ತರಲು ಹತ್ತು ಮಾರು ಓಡಿಸಿದೆ. ಖಡ್ ಖಡ್.

ಮಾಮಾ ಡಿಕ್ಕಿ ತೆಗೆದು ನೋಡಿದರು. ಜ್ಯಾಕನ್ನು ಹಿಡಿದಿಡುವ ತಿರುಪು ಎಂದೋ ಕಳಚಿ ಬಿದ್ದುಹೋಗಿತ್ತು. ಅದು ಒಳಗೆ ಹೊರಳಾಡುತ್ತಿತ್ತು, ಅಷ್ಟೇ. ಗಿರಿಜಾ ಒಂದು ಗಳಿಗೆ ಜ್ಯಾಕನ್ನೇ ನೋಡಿದಳು.

“ಅಂದ್ರ ಈ ಜ್ಯಾಕಿನ ಸಪ್ಪಳ ಎಲ್ಲಿಂದ ಬರ್ತದಂತ ನೋಡ್ಲಿಕ್ಕೆ ನೀವು ಇದ ಜ್ಯಾಕ್ ಹಚ್ಚಿ ಕೆಳಗ ಮಲಗಿದ್ರಿ,” ಎಂದಳು.

ಮಾಮಾ ಮುಖ ತಿರುಗಿಸಿ ಕೆಮ್ಮಿದರು. ಈ ಸಲ ಅದು ಅನುಮೋದನೆಯಲ್ಲ, ನಗು. ನಗುತ್ತ ನಗುತ್ತ ಅವರು ಕಂಪೌಂಡಿನ ಗೋಡೆ ಹಿಡಿದು ನಿಂತರು. ಜ್ಯಾಕಿಗೆ ಹಳೆಯ ಟವೆಲ್ ಸುತ್ತಿ ಮೂಲೆಗೆ ಒತ್ತಿದ ಮೇಲೆ ನಮ್ಮ ಗಾಡಿ ಇವತ್ತಿನವರೆಗೆ ತುಟಿ ಪಿಟಕ್ ಎಂದಿಲ್ಲ.

ಈಗ ಬಿಲ್ಡಿಂಗಿನಲ್ಲಿ ಗಾಡಿ ಎತ್ತುವ ಪ್ರಸಂಗ ಬಂದರೆ ಮೊದಲು ನಮ್ಮ ಮನೆಯ ಬಾಗಿಲು ಬಡಿಯುತ್ತಾರೆ. ಇದು ನನಗೆ ಸಂದ ಮರ್ಯಾದೆ ಎಂದು ಕೆಲವು ದಿನ ತಿಳಿದಿದ್ದೆ. ಹೋದ ತಿಂಗಳು ಬೆಳಿಗ್ಗೆ ಸಾವಂತರು ಬಂದರು. ಅವರ ಗಾಡಿಯ ಕೆಳಗಿನ ಪ್ಲಾಸ್ಟಿಕ್ ಹಾಳೆಯೊಂದು ಕಳಚಿ ನೆಲಕ್ಕೆ ಉಜ್ಜುತ್ತಿತ್ತಂತೆ. ನಾನು ತೋಳು ಮಡಿಸಿಕೊಳ್ಳುತ್ತ “ಚಲಾ” ಎಂದು ಚಪ್ಪಲಿ ಮೆಟ್ಟಿದೆ. ಅವರು ನನ್ನ ಭುಜದಾಚೆ ಒಳಗೆ ಇಣುಕಿ ಸಂಕೋಚದಿಂದ ಕೇಳಿದರು: “ವಹಿನಿ ಘರ್ ಪೇ ಹೈ ನಾ?”

ಸಾವಂತರ ಬಾಯಲ್ಲಿ ವಹಿನಿ, ಅಂದರೆ ಅತ್ತಿಗೆ, ಆದ ಗಿರಿಜಾ ಒಗ್ಗರಣೆ ಹಾಕಿ, ಗ್ಯಾಸ್ ಆರಿಸಿ, ಕೈ ಒರೆಸಿಕೊಂಡು ಮುಂದೆ ನಡೆದಳು. ನಾನು ಒಂದೊಂದು ಕೈಯಲ್ಲಿ ಒಂದೊಂದು ಘೋಡಿ ಹಿಡಿದು ಹಿಂದೆ ಇಳಿದೆ. ಮೊದಲ ಮಹಡಿಯ ತಿರುವಿನಲ್ಲಿ ಅವಳು ನಿಂತು, “ಬೆಣಿ ತೊಗೊಂಡೀರಿಲ್ಲೋ?” ಎಂದಳು. ತೆಗೆದುಕೊಂಡಿರಲಿಲ್ಲ. ಘೋಡಿಗಳನ್ನು ಮೆಟ್ಟಿಲ ಮೇಲೆಯೇ ಇಳಿಸಿ ಮತ್ತೆ ಮೇಲೆ ಹತ್ತಿದೆ. ಬೆಣೆಗಳನ್ನು ಹುಡುಕುತ್ತಿರುವಾಗ, ಕೆಳಗೆ ನೋಡಲು ಸೇರಿದ್ದವರಿಗೆ ಸಾವಂತರು ಹೇಳುತ್ತಿದ್ದುದು ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು: “ದೋ ಮಿನಿಟ್ ರುಕೋ, ವಹಿನಿ ಕಾ ಅಸಿಸ್ಟೆಂಟ್ ಊಪರ್ ಗಯಾ ಹೈ.”

ನಾನು ಬೆಣೆಗಳನ್ನು ಬಗಲಿಗೆ ಸಿಗಿಸಿಕೊಂಡು, ಇನ್ನಷ್ಟು ತಡವಾಗಬಾರದೆಂದು ಬೇಗ ಬೇಗ ಇಳಿದೆ.